ಕಳ್ಳಿಗೊಂದು ಛತ್ರಿ

ಬೊಮ್ಮನಕಟ್ಟೆಯ ಹೊಸ ಬಡಾವಣೆ, ಮೂರನೇ ತಿರುವು,
ನಿವೃತ್ತ ಲೆಕ್ಚರರ್ ದಾಕ್ಷಾಯಣಿ ಮೇಡಂ ಮನೆ.
ಗೇಟಿನ ಒಳಗೆ ಇಪ್ಪತ್ತಡಿ ಅಗಲ, ಮೂವತ್ತಡಿ ಉದ್ದ
ನಾನು ಹಾಸಿಕೊಟ್ಟ ಮರುಭೂಮಿ.

ಫೋನಿನಲ್ಲಿ ಚಿತ್ರ ತೋರಿಸಿದ್ದರು:
ಬಿಳಿ ಕಲ್ಲು, ಬೂದು ಕಲ್ಲು, ನಡುವೆ
ಮುಳ್ಳುಚೆಂಡಿನಂಥ ಕಳ್ಳಿ, ಕತ್ತಿ ಹಿರಿದ ಕತ್ತಾಳೆ.
‘ಜಬೀವುಲ್ಲಾ, ನೀವು ಹನ್ನೊಂದು ವರ್ಷ
ದಮ್ಮಾಮಿನಲ್ಲಿ ತೋಟದ ಕೆಲಸ ಮಾಡಿದವರಂತೆ,
ಇದು ನಿಮಗೆ ನೀರು ಕುಡಿದಷ್ಟು ಸಲೀಸು.’
ತಲೆಯಾಡಿಸಿದೆ. ಏನು ಹೇಳಲಿ,
ಅಲ್ಲಿ ನಾನು ಮರುಭೂಮಿ ಮಾಡುತ್ತಿರಲಿಲ್ಲ ಮೇಡಂ,
ಅದು ಮೊದಲೇ ಇತ್ತು.

ಅಲ್ಲಿ ನಾನು ಹುಲ್ಲು ಕಾಯುತ್ತಿದ್ದೆ.
ಕುರಿ ಕಾಯುವವರುಂಟು, ದನ ಕಾಯುವವರುಂಟು,
ಹುಲ್ಲನ್ನೇ ಕಾಯುವುದಕ್ಕೆ
ವೀಸಾ ಕೊಡುವ ದೇಶವೂ ಉಂಟು.
ರಾತ್ರಿ ಮೂರಕ್ಕೆದ್ದು ವಾಲ್ವ್ ತಿರುಗಿಸಬೇಕು,
ಹಗಲು ಬಿಟ್ಟರೆ ಸೂರ್ಯನೇ ಕುಡಿದುಬಿಡುತ್ತಾನೆ.
ನೇರಳೆ ಬಣ್ಣದ ಪೈಪು: ಊರಿನ ಕಕ್ಕಸಿನ ನೀರು
ತೊಳೆದು ಸೋಸಿ ಮತ್ತೆ ಬಂದದ್ದು.
ಮೂಗಿಗೆ ಗೊತ್ತಾಗುತ್ತಿತ್ತು, ಹುಲ್ಲಿಗೆ ಭೇದವಿಲ್ಲ.
ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಕೆನೆಗಟ್ಟಿದರೆ
ಇನ್ನಷ್ಟು ನೀರು ಕೊಟ್ಟು ಕೆಳಕ್ಕೆ ತಳ್ಳಬೇಕು.
ಸಂಜೆ ಹುಲ್ಲಿನ ಮೇಲೆ ನಡೆದು, ತಿರುಗಿ ನೋಡಬೇಕು:
ಹೆಜ್ಜೆ ಎದ್ದುಬಂದರೆ ಸರಿ,
ಒತ್ತಿದ್ದು ಒತ್ತಿದ ಹಾಗೇ ಉಳಿದರೆ ಬಾಯಾರಿದೆ.
ಇದನ್ನು ಕಲಿಸಿದವನು ಪೇಶಾವರದ ಮುದುಕ ಗುಲ್ ನವಾಜ್.
ಅಕ್ಷರ ಬಾರದು. ಹೆಜ್ಜೆ ಓದುತ್ತಿದ್ದ.

ಆ ಹುಲ್ಲಿಗೆ ಅಲ್ಲಿ ಬರ್ಮುಡಾ ಅಂತ ಹೆಸರು.
ಹೋಗಿ ತಿಂಗಳು ತುಂಬಿರಲಿಲ್ಲ, ಕುಕ್ಕರಗಾಲಲ್ಲಿ ಕೂತು
ಒಂದು ಕುಡಿ ಚಿವುಟಿ ನೋಡುತ್ತೇನೆ:
ಗೆಣ್ಣು, ಗೆಣ್ಣಿಗೊಂದು ಬೇರು, ತುದಿಯಲ್ಲಿ ಮೂರೆಸಳು.
ಅರೆ, ಗರಿಕೆ!
ಗಾಜನೂರಿನ ಕಾಲುವೆ ಏರಿಯ ಗರಿಕೆ,
ನಮ್ಮಮ್ಮ ಬೈದು ಬೈದು ಕಿತ್ತೆಸೆಯುತ್ತಿದ್ದದ್ದು,
ಚೌತಿಯ ಹಿಂದಿನ ದಿನ ರುದ್ರಮ್ಮಕ್ಕ
ನಮ್ಮ ಹಿತ್ತಿಲಿಗೇ ಬಂದು ಎಣಿಸಿ ಕೊಯ್ದದ್ದು.
ಪಾಪ, ಪಾಸ್‌ಪೋರ್ಟಿನಲ್ಲಿ ಇದಕ್ಕೂ ಬೇರೆ ಹೆಸರು.
ಸೂಪರ್‌ವೈಸರ್ ಆಚೆ ಹೋದಾಗ ಮಾತಾಡಿಸಿದೆ.
ನಮ್ಮ ಮನೆಮಾತು ಬೇರೆ, ಆದರೂ
ಹುಲ್ಲಿನ ಹತ್ತಿರ ಬಾಯಿಗೆ ಕನ್ನಡವೇ ಬಂತು.

ಈಗ ಈ ಮರುಭೂಮಿ.
ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಜಾಲ, ಅದರ ಮೇಲೆ
ಎರಡು ಲೋಡು ಬೆಣಚುಕಲ್ಲು.
ಮೃಗಶಿರೆ ಕಳೆದು ಆರಿದ್ರೆ ಹಿಡಿಯಿತು ನೋಡಿ,
ಕಳ್ಳಿಯ ಬುಡ ಮುಟ್ಟಿದರೆ ಕಳಿತ ಪಪ್ಪಾಯಿ.
ನಾಲ್ಕು ಕಂಬಿ ನೆಟ್ಟು ತಾಡಪಾಲು ಬಿಗಿದೆ,
ದೊಡ್ಡ ಕಳ್ಳಿಗೆ ಸಂತೆಯ ತರಕಾರಿಯವನ ಹಳೇ ಛತ್ರಿ.
ಸಿಟಿ ಬಸ್ಸಿನ ಕಿಟಕಿಯಿಂದ ಬಗ್ಗಿ ಬಗ್ಗಿ ನಕ್ಕರು.
ನಗಲಿ. ಅಷ್ಟು ವರ್ಷ ನೀರು ತರುವುದು ಕಲಿತವನು
ಐವತ್ತು ದಾಟಿ ನೀರು ತಡೆಯುವುದು ಕಲಿಯುತ್ತಿದ್ದೇನೆ.

ಆಮೇಲೆ, ಕಲ್ಲಿನ ಸಂದಿಯಲ್ಲಿ, ಜಾಲ ತೂರಿ
ಅದು ಬಂತು. ಯಾವುದು ಅಂತ ಹೇಳಬೇಕಿಲ್ಲ.
ಸೋಮವಾರ ಕಿತ್ತರೆ ಗುರುವಾರ ಹಾಜರಿ.
‘ಔಷಧಿ ಹೊಡೆಯಿರಿ, ಒಂದೇ ಸಲಕ್ಕೆ ಸಾಯುತ್ತೆ.’
ಗೊಬ್ಬರದಂಗಡಿಗೆ ಹೋದೆ. ಡಬ್ಬಿಯ ಮೇಲೆ ಇದರದೇ ಚಿತ್ರ,
ಪೊಲೀಸ್ ಸ್ಟೇಷನ್ನಿನ ಗೋಡೆಯ ಫೋಟೋದ ಹಾಗೆ.
ವಾಪಸು ಬಂದು ‘ಸ್ಟಾಕಿಲ್ಲ ಮೇಡಂ’ ಅಂದೆ.
ಆ ಸುಳ್ಳಿಗೆ ಅರ್ಧ ದಿನದ ಕೂಲಿ ನಾನೇ ಮುರಿದುಕೊಂಡೆ.

ಕೈಯಲ್ಲೇ ಕೀಳುತ್ತೇನೆ. ಹೆಬ್ಬೆರಳ ಉಗುರು ಹಸಿರು.
ಪಕ್ಕದ ಮನೆ ಹುಡುಗಿಯ ಮೊಲಕ್ಕೆ ಒಂದು ಹಿಡಿ.
ಬೇರುಸಹಿತ ತೆಗೆದೆ ಅನ್ನುತ್ತೇನೆ ಪ್ರತಿ ಸಲ.
ಒಂದು ಗೆಣ್ಣು ಬಿಟ್ಟಿರುತ್ತೇನೆ.

ನಿನ್ನೆ ಮಳೆ ನಿಂತಾಗ
ಮೇಡಂ ಬರಿಗಾಲಲ್ಲಿ ಇಳಿದು ಬಂದರು.
ಕಲ್ಲು ಚುಚ್ಚಿತು. ಕುಂಟುತ್ತ, ಹಾರುತ್ತ,
ಮೂಲೆಯಲ್ಲಿ ನಾನು ಕಾಣದ ಹಾಗೆ ಬಿಟ್ಟಿದ್ದ
ಒಂದು ಪಾದದಗಲ ಹಸಿರಿನ ಮೇಲೆ ನಿಂತರು.
ಬಹಳ ಹೊತ್ತು. ಬೈಯಲಿಲ್ಲ.
ಒಳಗೆ ಹೋದ ಮೇಲೆ ಬಗ್ಗಿ ನೋಡಿದೆ:
ಎದ್ದುಬರುತ್ತಿತ್ತು ಹೆಜ್ಜೆ,
ಹಿಮ್ಮಡಿ ಮೊದಲು, ಆಮೇಲೆ ಬೆರಳು.